ವಿಳಾಸ ಇಲ್ಲದವರ ಕ್ಯಾಂಪ್

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಎರಡೇ ಮಾತು. ಒಂದು ಪ್ಯಾಕೇಜ್. ಇನ್ನೊಂದು, ಎರಡು ವರ್ಷ ದುಡಿದು ಒಂದು ವ್ಯಾನ್ ತಗೊಂಡು, ಒಳಗೆ ಹಾಸಿಗೆ, ಒಲೆ, ಸೋಲಾರ್ ಪ್ಯಾನೆಲ್ ಹಾಕಿಸಿ, ಬಾಡಿಗೆ ಮನೆ ಬಿಟ್ಟು ಊರೂರು ತಿರುಗೋ ಕನಸು. ಅಮೆರಿಕದಲ್ಲಿ ಹೀಗೆ ಬದುಕೋರಿಗೆ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕೆಲಸವೂ ಸಿಗುತ್ತೆ: ಗಾಡಿ ನಿಲ್ಲಿಸೋಕೆ ಜಾಗ, ನೀರು, ಕರೆಂಟು ಅವರದು, ಶೌಚಾಲಯ ತೊಳೆಯೋದು, ಕಸ ತೆಗೆಯೋದು ಇವರದು. 'ನೊಮ್ಯಾಡ್‌ಲ್ಯಾಂಡ್' (2020) ನೋಡಿದವರಿಗೆ ಗೊತ್ತು, ಅಲ್ಲಿ ವ್ಯಾನ್ ಹತ್ತಿದ ಎಲ್ಲರೂ ಖುಷಿಯಿಂದ ಹತ್ತಿದವರಲ್ಲ.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಇದೇ ಲೆಕ್ಕದ ಮೇಲೆ ಬದುಕೋರು ಹಿಂದಿನಿಂದಲೂ ಇದ್ದಾರೆ. ಕುರಿಗಾರರು. ರೀಲ್ಸ್‌ನಲ್ಲಿ ಬರೋದಿಲ್ಲ, ಅಷ್ಟೆ.

ಹಾನಗಲ್ಲ, ಹಿರೇಕೆರೂರ ಕಡೆ ಭತ್ತದ ಕೊಯ್ಲು ಮುಗಿದು, ಸವಣೂರು, ಶಿಗ್ಗಾಂವಿ ಕಡೆ ಗೋವಿನಜೋಳ ಮನೆ ಸೇರಿದ ಮೇಲೆ ಒಣಸೀಮೆಯ ಹಿಂಡುಗಳು ಇತ್ತ ಬರ್ತಾವೆ. ಕುದುರೆ ಬೆನ್ನ ಮೇಲೆ ಇಡೀ ಸಂಸಾರ: ಕಂಬಳಿ, ಪಾತ್ರೆ, ಮರಿ ಕೂಡಿಹಾಕೋ ಬಲೆ, ಕೋಳಿ, ನಿನ್ನೆ ಹುಟ್ಟಿದ ಮರಿ. ಈಗೀಗ ಕೆಲವರು ಟಾಟಾ ಏಸ್‌ನಲ್ಲೂ ಸಾಮಾನು ಸಾಗಿಸ್ತಾರೆ. ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸೋದಕ್ಕೆ ನಮ್ಮ ಕಡೆ 'ಕುರಿ ತರುಬೋದು' ಅಂತಾರೆ. "ಗೌಡ್ರ, ಮರಿ ಭಾಳ ಅದಾವು, ತುಸು ಒಣಾ ಜಾಗಾ ಕೊಡ್ರಿ." "ಕೊಡೂಣಂತ, ನಾಕ್ ರಾತ್ರಿ ಹಾಕಬೇಕು ನೋಡಪಾ." ಮಾತು ಮುಗೀತು. ರೈತನಿಗೆ ಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೇ ರೊಕ್ಕ.

ಎಂಜಿನಿಯರ್ ಲೆಕ್ಕ ಹಾಕಿ ನೋಡಿ. ಒಂದು ಕುರಿ ರಾತ್ರಿಗೆ ಅರ್ಧ ಕೆಜಿ ಹಿಕ್ಕಿ ಹಾಕುತ್ತೆ ಅಂತ ಹಿಡಿದರೂ 500 ಕುರಿಗೆ 250 ಕೆಜಿ. ನಾಲ್ಕು ರಾತ್ರಿಗೆ ಒಂದು ಟನ್. ಟ್ರ್ಯಾಕ್ಟರ್ ಬಾಡಿಗೆ ಇಲ್ಲ, ಹರವೋ ಕೂಲಿ ಇಲ್ಲ, ಉಚ್ಚೆ ನೇರ ಮಣ್ಣಿಗೆ. ಆದರೆ ಅದೇ ರೈತನಿಗೆ 45 ಕೆಜಿ ಯೂರಿಯಾ ಚೀಲ ಸಬ್ಸಿಡಿಯಲ್ಲಿ 266 ರೂಪಾಯಿ ಚಿಲ್ಲರೆಗೆ ಸಿಗುತ್ತೆ. ಆ ಚೀಲ ಎದುರಿಗಿಟ್ಟುಕೊಂಡು ಚೌಕಾಸಿ ಮಾಡಿದ್ರೆ ಕುರಿಗಾರ ಗೆಲ್ಲೋದು ಹೇಗೆ? ಕಾರ್ಖಾನೆ ಗೊಬ್ಬರಕ್ಕೆ ಸರ್ಕಾರ ದುಡ್ಡು ಕೊಡುತ್ತೆ, ನಡೆದುಕೊಂಡು ಬರೋ ಗೊಬ್ಬರಕ್ಕೆ ಇಲ್ಲ. ಉಣ್ಣೆ ಕಥೆ ಇನ್ನೂ ಕೆಟ್ಟದ್ದು. ಎಷ್ಟೋ ಕಡೆ ಮಾರಿದ ಉಣ್ಣೆಯಿಂದ ಕತ್ತರಿಸಿದ ಕೂಲಿಯೂ ಹುಟ್ಟೋದಿಲ್ಲ.

ನನ್ನ ತಕರಾರು ಇರೋದು ಕಾನೂನಿನ ಬಗ್ಗೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 72ನೇ ಕಲಂ ತೆಗೆದು ಓದಿ. ಗಾಯರಾಣದಲ್ಲಿ ಉಚಿತವಾಗಿ ಮೇಯಿಸೋ ಹಕ್ಕು ಆ ಜಮೀನು ಯಾವ ಊರಿಗೆ ಸೇರಿದೆಯೋ ಆ ಊರಿನ ದನಕರುಗಳಿಗೆ ಮಾತ್ರ. ಅಂದ್ರೆ ಕುರಿಗೂ ಒಂದು ವಿಳಾಸ ಬೇಕು! ತಿಂಗಳಿಗೆ ಹತ್ತು ಊರು ದಾಟೋ ಹಿಂಡು ಎಲ್ಲಾ ಊರಲ್ಲೂ ಪರಊರಿನದ್ದೇ. ಸುಗ್ಗಿಯಲ್ಲಿ ಹೊಲಕ್ಕೆ ಕರೆಯೋರು ಸಿಗ್ತಾರೆ. ಬಿತ್ತನೆ ಆದಮೇಲೆ ಅದೇ ಕುರಿಗಾರ ಎಲ್ಲಿ ನಿಲ್ಲಬೇಕು? ರಸ್ತೆ ಪಕ್ಕ, ಕೆರೆ ದಂಡೆ. ಶಿಗ್ಗಾಂವಿ ಮೇಲೆ ಹಾದುಹೋಗೋ ಹೆದ್ದಾರಿಯಲ್ಲಿ ಕತ್ತಲಲ್ಲಿ ಹಿಂಡು ದಾಟಿಸೋದನ್ನ ನೋಡಿದವರಿಗೆ ಅದರ ಭಯ ಗೊತ್ತು. ಮಳೆಗಾಲದ ಕೊನೆಗೆ ನುಸಿ ಹೆಚ್ಚಾಗಿ ನೀಲಿ ನಾಲಗೆ ರೋಗ ಬಂದ್ರೆ ಹಿಂಡು ಇವತ್ತು ಒಂದು ತಾಲೂಕಿನಲ್ಲಿ, ನಾಳೆ ಇನ್ನೊಂದರಲ್ಲಿ. ಯಾವ ಪಶು ಆಸ್ಪತ್ರೆ ಲೆಕ್ಕಕ್ಕೆ? ಮಕ್ಕಳ ಶಾಲೆಯ ಪ್ರಶ್ನೆಯೂ ಅಷ್ಟೇ. ಅಜ್ಜ-ಅಜ್ಜಿ ಹತ್ತಿರ ಬಿಟ್ಟು ಬಂದ್ರೆ ಉಂಟು, ಇಲ್ಲದಿದ್ರೆ ಇಲ್ಲ.

ರೈತರ ದೂರೂ ಸುಳ್ಳಲ್ಲ. ನಿಂತ ಬೆಳೆಗೆ ಕುರಿ ನುಗ್ಗಿದ್ರೆ ಒಂದು ವರ್ಷದ ಕೂಳು ಹೋಗುತ್ತೆ, ಜಗಳ ಹೊಡೆದಾಟದವರೆಗೂ ಹೋಗುತ್ತೆ. ಆದರೆ ನಿಲ್ಲೋಕೆ ಜಾಗ ಗೊತ್ತುಮಾಡದೇ ಇದ್ದಷ್ಟು ದಿನ ಈ ಜಗಳ ತಪ್ಪೋದಿಲ್ಲ.

ಕೇರಳ 2021ರಲ್ಲಿ ಪ್ರವಾಸಿಗರ ವ್ಯಾನ್‌ಗಳಿಗಾಗಿ ಕ್ಯಾರವಾನ್ ನೀತಿಯನ್ನೇ ತಂದಿತು. ಗಾಡಿ ನಿಲ್ಲಿಸೋಕೆ ಪಾರ್ಕು, ನೀರು, ಕರೆಂಟು, ಎಲ್ಲಾ ಬರೆದಿಟ್ಟಿದೆ. ಮಾಡಲಿ, ಬೇಡ ಅನ್ನೋಲ್ಲ. ರಜೆಗೆ ಬಂದವರ ಗಾಡಿಗೆ ಸಿಗೋ ಜಾಗ, ಹೊಟ್ಟೆಪಾಡಿಗೆ ಬಂದವರ ಹಿಂಡಿಗೂ ಸಿಗಬೇಕು ಅಂತಷ್ಟೇ ಕೇಳ್ತಿರೋದು. ಹಿಂಡು ಬರೋ ದಾರಿಯಲ್ಲಿ ನಾಲ್ಕೂ ತಾಲೂಕಿಗೆ ಎರಡೆರಡು ತಂಗುದಾಣ ಸಾಕು ಶುರುವಿಗೆ: ನೀರು ನಿಲ್ಲದ ಎರಡು ಎಕರೆ ಗಟ್ಟಿ ನೆಲ, ಒಂದು ನೀರಿನ ತೊಟ್ಟಿ, ಒಂದು ಸೋಲಾರ್ ದೀಪ, ಗೊತ್ತಾದ ದಿನ ಲಸಿಕೆ ಹಾಕೋ ಪಶುವೈದ್ಯರು. ಅದಕ್ಕೆ 72ನೇ ಕಲಂಗೂ ಒಂದು ತಿದ್ದುಪಡಿ ಬೇಕಾಗುತ್ತೆ.

ನಮ್ಮ ಪಾಲಿಗೂ ಕೆಲಸ ಇದೆ. ಪ್ರತಿ ವರ್ಷ 'ಸ್ಮಾರ್ಟ್ ಅಗ್ರಿಕಲ್ಚರ್' ಅಂತ ಅದೇ ತೇವಾಂಶ ಸೆನ್ಸರ್, ಅದೇ ಆರ್ಡುಯಿನೋ. ಈ ಸಲ ಯಾರಾದರೂ ಕುದುರೆ ಬೆನ್ನ ಮೇಲೆ ಹೊರುವಷ್ಟು ಹಗುರ, ಮಳೆಗೆ ಕೆಡದ ಸೋಲಾರ್ ಬೇಲಿ ಮಾಡಿ ನೋಡಿ. ಲ್ಯಾಬ್‌ನಲ್ಲಿ ಕೂತು ಡಿಸೈನ್ ಮಾಡೋ ಮೊದಲು ಒಂದು ರಾತ್ರಿ ಹಟ್ಟಿಯಲ್ಲಿ ಮಲಗಿ ಬನ್ನಿ. ಎಷ್ಟು ತೂಕ ಇರಬೇಕು ಅಂತ ಕುರಿಗಾರರೇ ಹೇಳ್ತಾರೆ.