ಪ್ರಸಾರ ಭಾರತಿಯು ಯಾರಿಗೆ ಉತ್ತರವಾದಿ?

ಆಕಾಶವಾಣಿ ಮತ್ತು ದೂರದರ್ಶನಗಳನ್ನು ಮಂತ್ರಿಗಳ ಕೈಯಿಂದ ಬಿಡಿಸಿ ಸ್ವತಂತ್ರ ಸಂಸ್ಥೆಯೊಂದಕ್ಕೆ ವಹಿಸುವ ಸಲುವಾಗಿ ಪಾರ್ಲಿಮೆಂಟು 1990ರಲ್ಲಿ ಪ್ರಸಾರ ಭಾರತಿ ಶಾಸನವನ್ನು ಅಂಗೀಕರಿಸಿತು. ಏಳು ವರ್ಷ ಕಪಾಟಿನಲ್ಲಿ ಮಲಗಿದ್ದ ಆ ಶಾಸನವು 1997ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಸಂಸ್ಥೆಯು ಅದೇ ನವೆಂಬರಿನಲ್ಲಿ ಹುಟ್ಟಿತು. ಆದರೆ ಅಂದು ಉದ್ದೇಶಿಸಿದ್ದ ಸ್ವಾತಂತ್ರ್ಯವು ಹುಟ್ಟಿತೆಂದು ಹೇಳಲು ನಮಗೆ ಧೈರ್ಯ ಸಾಲದು.

ಆಡಳಿತ ಮಂಡಲಿಯ ಅಧ್ಯಕ್ಷರನ್ನು ಆರಿಸತಕ್ಕ ಸಮಿತಿಯಲ್ಲಿ ರಾಜ್ಯಸಭೆಯ ಸಭಾಪತಿಗಳೂ ಪತ್ರಿಕಾ ಮಂಡಲಿಯ ಅಧ್ಯಕ್ಷರೂ ಇರುತ್ತಾರೆ. ಇದು ಯೋಗ್ಯವಾದ ಏರ್ಪಾಡೇ ಸರಿ. ಮೂರನೆಯವರು ರಾಷ್ಟ್ರಪತಿಗಳ ನಾಮಕರಣದಿಂದ ಬರುವವರು. ರಾಷ್ಟ್ರಪತಿಗಳೋ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಇಷ್ಟಾದರೂ 2020ರ ಫೆಬ್ರವರಿಯಿಂದ 2024ರ ಮಾರ್ಚಿಯವರೆಗೆ ಅಧ್ಯಕ್ಷಪೀಠವು ಬರಿದಾಗಿಯೇ ಇದ್ದಿತು. ಯಜಮಾನನಿಲ್ಲದೆ ನಾಲ್ಕು ವರ್ಷ ನಡೆದ ಮನೆಯನ್ನು ನಿಜವಾಗಿ ನಡೆಸಿದವರು ಯಾರೆಂಬುದನ್ನು ವಾಚಕರೇ ಊಹಿಸಬಹುದು.

ಹಣದ ಗಂಟು ಕೇಂದ್ರ ಸರಕಾರದ ಕೈಯಲ್ಲಿದೆ. 2007ರ ಅಕ್ಟೋಬರ್ 5ರಂದು ಸೇವೆಯಲ್ಲಿದ್ದ ನೌಕರರು ನಿವೃತ್ತರಾಗುವ ತನಕ ಸರಕಾರದಿಂದ ಎರವಲಾಗಿ ಬಂದವರೆಂದೇ ಎಣಿಸಲ್ಪಡುತ್ತಾರೆ. ದೇಶದ ಭದ್ರತೆ, ಶಾಂತಿಪಾಲನೆ ಮೊದಲಾದ ಕಾರಣಗಳಿಂದ ಇಂಥದನ್ನು ಪ್ರಸಾರಮಾಡಬಾರದೆಂದು ಆಜ್ಞಾಪಿಸುವ ಅಧಿಕಾರವೂ ಸರಕಾರಕ್ಕುಂಟು.

ಇವೆಲ್ಲವನ್ನೂ ತೂಗಿ ನಿಲ್ಲಿಸಲೆಂದೇ ಶಾಸನಕರ್ತರು ಎರಡು ಕಾವಲುಗಳನ್ನು ಗೊತ್ತುಮಾಡಿದ್ದರು. ಲೋಕಸಭೆಯ 15 ಮಂದಿ, ರಾಜ್ಯಸಭೆಯ 7 ಮಂದಿ, ಒಟ್ಟು 22 ಸದಸ್ಯರ ಪಾರ್ಲಿಮೆಂಟರಿ ಸಮಿತಿ ಒಂದು. ಕೇಳುಗರ ದೂರುಗಳನ್ನು ವಿಚಾರಿಸತಕ್ಕ ಪ್ರಸಾರ ಪರಿಷತ್ತು ಮತ್ತೊಂದು. ಶಾಸನವು ಜಾರಿಗೆ ಬಂದು ಎರಡು ದಶಕಗಳು ಕಳೆದರೂ ಇವೆರಡೂ ಕಾಗದದ ಮೇಲೆಯೇ ಉಳಿದುವು. ಪಕ್ಷಗಳು ಬದಲಾದುವು, ಮಂತ್ರಿಗಳು ಬದಲಾದರು. ಈ ಉಪೇಕ್ಷೆಯೊಂದು ಮಾತ್ರ ಬದಲಾಗಲಿಲ್ಲ. ವಿರೋಧಪಕ್ಷದಲ್ಲಿದ್ದಾಗ ಸ್ವಾಯತ್ತತೆಯನ್ನು ಹಾಡುವವರು ಗದ್ದುಗೆಯೇರಿದ ಮರುದಿನ ರಾಗವನ್ನು ಮರೆಯುವುದು ಹೊಸತಲ್ಲ.

ಪ್ರಜೆಗಳ ತೆರಿಗೆಯಿಂದ ನಡೆಯುವ ಸಂಸ್ಥೆಯ ಮೇಲೆ ಸರಕಾರದ ಕಣ್ಣಿರಬೇಡವೇ ಎಂದು ಕೆಲವು ಅಧಿಕಾರಿಗಳು ಕೇಳಬಹುದು. ಲೆಕ್ಕ ಕೇಳುವವರು ಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಪ್ರಜೆಗಳ ಪರವಾಗಿ ಲೆಕ್ಕ ಕೇಳತಕ್ಕುದು ಎಲ್ಲ ಪಕ್ಷಗಳೂ ಕೂಡಿರುವ ಪಾರ್ಲಿಮೆಂಟು, ಮಂತ್ರಿಗಳ ಕಛೇರಿಯಲ್ಲ. ಬಾನುಲಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪಿತ್ತಿದೆ.

ಈ ವಿಷಯದಲ್ಲಿ ಮಾತನಾಡಲು ಕನ್ನಡಿಗರಿಗೆ ವಿಶೇಷವಾದ ಸಲುಗೆಯಿದೆ. ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದುದು ಸರಕಾರದ ಅಪ್ಪಣೆಯ ಪ್ರಚಾರಕ್ಕಾಗಿ ಅಲ್ಲ; ಆಕಾಶವಾಣಿಯೆಂಬ ಹೆಸರು ಆ ಕೇಂದ್ರದ್ದೇ.

ಹೊಸ ಮಸೂದೆಯನ್ನಾಗಲಿ, ಇನ್ನೊಂದು ವಿಚಾರಣಾ ಸಮಿತಿಯನ್ನಾಗಲಿ ನಾವು ಬೇಡುವುದಿಲ್ಲ. ಶಾಸನದಲ್ಲಿ ಹೇಳಿರುವ ಆ 22 ಮಂದಿಯನ್ನು ಉಭಯ ಸಭೆಗಳು ಚುನಾಯಿಸಲಿ. ನಮ್ಮ ಸೀಮೆಯಿಂದ ದೆಹಲಿಗೆ ಹೋದ ಸದಸ್ಯರು ಈ ಮಾತನ್ನು ಮುಂದಿನ ಅಧಿವೇಶನದಲ್ಲಿಯೇ ಎತ್ತತಕ್ಕದ್ದು.