ಗಾಯಕರು ಎಲ್ಲಿ ಹೋದರು?

ನಮ್ಮ ಬೀದಿಯ ತಾತ ಒಬ್ಬರಿಗೆ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕುಳಿತು ಹೆಡ್‌ಫೋನಿನಲ್ಲಿ ದಾಸರ ಪದ ಕೇಳುವ ಅಭ್ಯಾಸ. ಮೊನ್ನೆ ಕೇಳುತ್ತಿದ್ದವರು ಸಪ್ಪೆ ಮುಖ ಮಾಡಿ ಅದನ್ನು ತೆಗೆದಿಟ್ಟರಂತೆ. "ತಂಬೂರಿ ಕೇಳ್ಸುತ್ತೆ, ತಾಳ ಕೇಳ್ಸುತ್ತೆ. ಹಾಡೋರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗಿದೆ. ನನ್ನ ಕಿವಿ ಕಥೆ ಮುಗೀತು ಪುಟ್ಟಿ" ಎಂದರು. ಏಳನೇ ತರಗತಿಯ ಮೊಮ್ಮಗಳು ಬಗ್ಗಿ ನೋಡಿ ಹೆಡ್‌ಫೋನಿನ ಪಿನ್ನನ್ನು ಒಳಗೆ ಒತ್ತಿದಳು. ಟಕ್ ಎಂದಿತು. ಗಾಯಕರು ವಾಪಸು ಬಂದರು!

ಇದು ಹೇಗೆ, ಮಕ್ಕಳೇ? ಮೈಕ್ ಇಲ್ಲದ ಹೆಡ್‌ಫೋನಿನ ಪಿನ್ ನೋಡಿ. ಎರಡು ಕಪ್ಪು ಗೆರೆಗಳು ಅದನ್ನು ಮೂರು ಭಾಗ ಮಾಡಿವೆ. ತುದಿ ಎಡಗಿವಿಗೆ, ನಡುವಿನದು ಬಲಗಿವಿಗೆ, ಬುಡದ ಭಾಗ ಎರಡೂ ಕಿವಿಯ ವಿದ್ಯುತ್ತು ಹಿಂತಿರುಗುವ ದಾರಿ. ಪಿನ್ ಸಡಿಲವಾಗಿ ಆ ದಾರಿ ತಪ್ಪಿದರೆ ಎಡ, ಬಲ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಐದರಲ್ಲಿ ಐದು ಕಳೆದರೆ ಸೊನ್ನೆ ತಾನೇ? ಸ್ಟೀರಿಯೋ ಧ್ವನಿಮುದ್ರಣದಲ್ಲಿ ಗಾಯಕರ ದನಿ ಸಾಮಾನ್ಯವಾಗಿ ನಡುವೆ, ಅಂದರೆ ಎರಡೂ ಕಿವಿಗೆ ಸಮನಾಗಿ ಇರುತ್ತದೆ. ಅದೇ ಮೊದಲು ಮಾಯ! ಒಂದು ಕಡೆಗೆ ಹೆಚ್ಚಾಗಿರುವ ವಾದ್ಯಗಳು ಉಳಿಯುತ್ತವೆ.

ಗುಂಯ್ ಎಂಬ ಸದ್ದು ಬರುತ್ತಿದ್ದರೆ ಕಾರಣ ಬೇರೆ. ಡಬ್ಬದ ಮುಂದಿನ ತೂತಿಗೆ ಬರುವ ತಂತಿ ಒಳಗೆ ಫ್ಯಾನು, ಡಿಸ್ಕುಗಳ ಪಕ್ಕದಲ್ಲೇ ಹಾದು ಬರುತ್ತದೆ. ಅವುಗಳ ಗದ್ದಲವನ್ನೂ ಹೊತ್ತು ತರಬಹುದು. ಹಿಂಭಾಗದಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣದ ತೂತು ಇರುತ್ತದೆ, ಅದಕ್ಕೆ ಚುಚ್ಚಿ ನೋಡಿ. ಆಗಲೂ ಹೋಗದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡ್ ಕೊಳ್ಳಬಹುದು. ದುಬಾರಿ ಹೆಡ್‌ಫೋನ್ ಬೇಕೆಂದು ಅಪ್ಪನನ್ನು ಪೀಡಿಸುವುದು ಅದಾದ ಮೇಲೆ!

ಬ್ಲೂಟೂತ್ ಹೆಡ್‌ಫೋನಿನದು ಇನ್ನೊಂದು ತಮಾಷೆ. ಆನ್‌ಲೈನ್ ಪಾಠಕ್ಕೆಂದು ಅದರ ಮೈಕ್ ತೆರೆದ ಕೂಡಲೇ ಹಲವು ಹೆಡ್‌ಫೋನುಗಳು ಫೋನ್ ಮಾತಿನ ಕ್ರಮಕ್ಕೆ ಇಳಿಯುತ್ತವೆ. ಹಾಡು ಆಗ ಹಳೇ ಟೆಲಿಫೋನಿನಲ್ಲಿ ಕೇಳಿದಂತಾಗುತ್ತದೆ. ಪಾಠದ ಆ್ಯಪ್ ಪೂರ್ತಿ ಮುಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ದನಿ ಸ್ಪಷ್ಟವಿಲ್ಲವೆಂದು ವಾಲ್ಯೂಮ್ ಏರಿಸುವುದೇ ನಾವೆಲ್ಲ ಮಾಡುವ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸಾಕು.

ಅಂದ ಹಾಗೆ, ತಾತನಿಗೆ ಬಲಗಿವಿ ನಿಜವಾಗಿಯೂ ಸ್ವಲ್ಪ ಮಂದವಂತೆ. ವಿಂಡೋಸ್ ಸೆಟ್ಟಿಂಗಿನಲ್ಲಿ 'ಮೋನೋ ಆಡಿಯೋ' ಎಂಬುದೊಂದಿದೆ. ಅದನ್ನು ಆನ್ ಮಾಡಿದರೆ ಎರಡೂ ಬದಿಯ ಸದ್ದು ಎರಡೂ ಕಿವಿಗೆ ಬರುತ್ತದೆ. ಪುಟ್ಟಿ ಅದನ್ನೂ ಮಾಡಿಕೊಟ್ಟಳು. ಇಷ್ಟು ದಿನ ಬಲಗಡೆಗೇ ಅಡಗಿ ಕುಳಿತಿದ್ದ ಪಿಟೀಲು ಈಗ ತಾತನಿಗೆ ಎಡಗಿವಿಯಲ್ಲಿ ಕೇಳಿಸುತ್ತಿದೆ.