ಮಾಲೆ ಹಾಕಿಕೊಂಡು ಹುಟ್ಟಿದ ಮಗುವಿನ ತಪ್ಪೇನು?

ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಮಗು ಹುಟ್ಟಿದರೆ ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಏನಂತಾರೆ? ‘ಮಾಲೆ ಹಾಕ್ಕೊಂಡು ಹುಟ್ಟೈತೆ, ಸೋದರಮಾವನಿಗೆ ಆಗಿಬರಲ್ಲ.’ ಆಮೇಲೆ ಶಾಂತಿ. ಮಾವ ಎಣ್ಣೆ ಬಟ್ಟಲಿನಲ್ಲಿ ಮಗುವಿನ ನೆರಳು ನೋಡಬೇಕು. ಬಾಣಂತಿಯ ಮೇಲೂ ದೂರು: ಬಸುರಿಯಾಗಿದ್ದಾಗ ಹಗ್ಗ ದಾಟಿದಳು, ಕೈ ಎತ್ತಿ ಬಟ್ಟೆ ಒಣಹಾಕಿದಳು.

ಹಿರಿಯರ ಮೇಲೆ ನನಗೆ ಗೌರವವಿದೆ. ಈ ಮಾತಿನ ಮೇಲೆ ಇಲ್ಲ.

ಹೊಕ್ಕುಳಬಳ್ಳಿ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಉದ್ದ. ಮಗು ಗರ್ಭದ ನೀರಿನಲ್ಲಿ ಹೊರಳಾಡುವಾಗ ಅದು ಸುತ್ತಿಕೊಳ್ಳುತ್ತದೆ. ಬಳ್ಳಿ ಉದ್ದವಿದ್ದಷ್ಟೂ ಸುತ್ತು ಸುಲಭ. ನಾಲ್ಕೈದು ಹೆರಿಗೆಯಲ್ಲಿ ಒಂದು ಹೀಗಿರುತ್ತದೆ. ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ, ಹೆರಿಗೆ ಮಾಡಿಸುವವರು ಬೆರಳಿನಿಂದ ಬಿಡಿಸಿ ತೆಗೆಯುತ್ತಾರೆ. ಇದರಿಂದ ಮಾವನಿಗೆ ಕೇಡಾಗುವಂತಿದ್ದರೆ ನಮ್ಮ ಊರುಗಳಲ್ಲಿ ಸೋದರಮಾವಂದಿರೇ ಉಳಿಯುತ್ತಿರಲಿಲ್ಲ!

ನಿಜವಾದ ಗಂಡಾಂತರ ಬೇರೆ. ನೀರು ಒಡೆದಾಗ ಬಳ್ಳಿ ಮಗುವಿಗಿಂತ ಮುಂಚೆ ಜಾರಿ ಬರುವುದು. ಅಪರೂಪ, ಆದರೆ ಬಂದರೆ ನಿಮಿಷಗಳ ಲೆಕ್ಕ. ಮಗು ಅಡ್ಡ ಮಲಗಿರುವುದು, ಕುಂಡಿಯೋ ಕಾಲೋ ಕೆಳಗಿರುವುದು, ಅವಳಿ, ದಿನ ತುಂಬದ ಹೆರಿಗೆ, ಗರ್ಭದ ನೀರು ಹೆಚ್ಚಾಗಿರುವುದು, ಈಗಾಗಲೇ ಹಲವು ಸಲ ಹೆತ್ತಿರುವುದು — ಅಪಾಯ ಹೆಚ್ಚಿಸುವುದು ಇವು. ಇದರಲ್ಲಿ ಹಗ್ಗ ಎಲ್ಲಿದೆ? ಬಟ್ಟೆ ಎಲ್ಲಿದೆ?

ಇವುಗಳಲ್ಲಿ ಹೆಚ್ಚಿನವು ತಪಾಸಣೆಯಲ್ಲಿ ಮೊದಲೇ ತಿಳಿಯುತ್ತವೆ. 2016ರಿಂದ ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯ ಯೋಜನೆ ಇದೆ. ಅದಕ್ಕೆ ಬಸ್‌ಚಾರ್ಜು ದಂಡ ಅನ್ನುವವರೇ ಶಾಂತಿಗೆ ಸಾಲ ಮಾಡ್ತಾರೆ!

ಬಳ್ಳಿ ಹೊರಗೆ ಕಂಡರೆ ಎಳೆಯಬೇಡಿ, ಒಳಗೆ ತಳ್ಳಬೇಡಿ. ತಾಯಿ ಮೊಣಕಾಲೂರಿ, ಎದೆ ನೆಲಕ್ಕೆ ತಾಗುವಂತೆ ಬಗ್ಗಿ, ಸೊಂಟ ಮೇಲೆತ್ತಿರಲಿ. ಕೂಡಲೇ 108ಕ್ಕೆ ಫೋನ್ ಮಾಡಿ. ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಿಮೆಯಾದರೂ ಅಷ್ಟೇ, ಬೆಳಗಾಗಲಿ ಅಂತ ಕಾಯಬೇಡಿ. ಮೇಷ್ಟ್ರುಗಳೇ, ಇದನ್ನು ತಾಯಂದಿರ ಸಭೆಯಲ್ಲಿ ಹೇಳಿ, ನಾಚಿಕೆ ಬೇಡ.

ಕೊನೆಗೊಂದು ಮಾತು. ಚೊಚ್ಚಲ ಹೆರಿಗೆಗೆ ತಂಗಿ ತವರಿಗೇ ಬರುತ್ತಾಳೆ. ನಡುರಾತ್ರಿ ನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯಬೇಕಾದವನು ಅಣ್ಣ, ಅಂದರೆ ಅದೇ ಸೋದರಮಾವ. ಅವನನ್ನೇ ಹೆದರಿಸಿ ದೂರ ನಿಲ್ಲಿಸಿದರೆ ಓಡುವವರು ಯಾರು?

ಮಾವಂದಿರೇ, ಎಣ್ಣೆ ಬಟ್ಟಲು ಕೆಳಗಿಡಿ. ಮಗುವಿನ ಮುಖ ನೇರವಾಗಿ ನೋಡಿ.